ಒಂದು ಸ್ವರವನ್ನೂ ಬಿಡದ ಅತ್ತೆ

ನಮ್ಮ ಸೋದರತ್ತೆ ಸ್ಪ್ಯಾನಿಷ್ ಮಾತಾಡ್ತಾರೆ ಅಂದರೆ ಮೊದಲು ಊಟ ಮುಗಿಸಿಕೊಂಡು ಬಂದು ಕೂತುಕೊಳ್ಳಿ. ಅವರ ಒಂದು ವಾಕ್ಯ ಮುಗಿಯೋದರೊಳಗೆ ನಾನು ಯಿಶುನ್‌ನಲ್ಲಿ ಎಂಆರ್‌ಟಿ ರೈಲು ಹತ್ತಿ, ಊರಿನ ಆ ತುದಿಯ ರಾಫೆಲ್ಸ್ ಪ್ಲೇಸ್ ಆಫೀಸಿಗೆ ಹೋಗಿ ಬರಬಹುದು!

ರಿಟೈರ್ ಆಗೋವರೆಗೂ ಮೈಸೂರಿನ ಸ್ಕೂಲಲ್ಲಿ ಮಕ್ಕಳಿಗೆ ಉಕ್ತಲೇಖನ ಕೊಟ್ಟ ಬಾಯಿ ಅದು. ಒಂದೊಂದು ಅಕ್ಷರವೂ ಬಿಡಿಬಿಡಿ. ಈಗ ಯಿಶುನ್‌ನಲ್ಲಿ ಮಗನ ಜತೆ ಇದ್ದಾರೆ. ಸೊಸೆ ಕೊಲಂಬಿಯಾದವಳು. ಅವಳ ಅಮ್ಮ ಒಂದು ತಿಂಗಳಿಗೆ ಬರ್ತಾರೆ ಅಂತ ಗೊತ್ತಾದದ್ದೇ ತಡ, ಅತ್ತೆ ಫೋನಲ್ಲಿ ಸ್ಪ್ಯಾನಿಷ್ ಕಲಿಯೋಕೆ ಕೂತರು. "ಬೀಗಿತ್ತಿ ಅಷ್ಟು ದೂರದಿಂದ ಬಂದು, ಮಾತಿಗೆ ಜನ ಇಲ್ಲದೆ ಗೋಡೆ ನೋಡ್ತಾ ಕೂರಬೇಕಾ?" ಅಂತ ಕೇಳಿದರು.

ಕಲಿತದ್ದೇನೋ ಸರಿ, ಸೊಸೆ ಮಾತಾಡೋದು ಕೇಳಿ ಹೌಹಾರಿದರು. ಪಾಠದಲ್ಲಿ ಗೆಳತಿಗೆ 'ಲಾ ಅಮೀಗಾ'. ಸೊಸೆ ಬಾಯಲ್ಲಿ 'ಲಾಮೀಗಾ'. ಎರಡು 'ಅ' ಪಕ್ಕಪಕ್ಕ ಬಂದರೆ ಒಂದನ್ನ ನುಂಗೇಬಿಡ್ತಾಳೆ! 'ಮಿ ಅಮೀಗಾ', ಅಂದರೆ ನನ್ನ ಗೆಳತಿ, 'ಮ್ಯಮೀಗಾ' ಆಗಿ ಜಾರಿಹೋಗುತ್ತೆ. ಆ ಸ್ವರ ಎಲ್ಲಿ ಹೋಯ್ತು ಅಂತ ಅತ್ತೆ ದಿನಾ ತನಿಖೆ ನಡೆಸೋರು.

ಸೊಸೆ ಏನು ಕಮ್ಮಿಯೇ? ಕನ್ನಡ ಕೇಳಿ ಕೇಳಿ ಪಳಗಿದವಳು. ಒಂದು ದಿನ ಅತ್ತೆ ಅಡುಗೆಮನೆಯಿಂದ "ಏನಂದೆ?" ಅಂದಾಗ ಹಿಡಿದುಬಿಟ್ಟಳು. "ಅತ್ತೆ, 'ಏನು ಅಂದೆ' ಅಲ್ವಾ? ನಿಮ್ಮ 'ಉ' ಎಲ್ಲಿ ಹೋಯ್ತು?"

ಲೋಪಸಂಧಿ ಪಾಠ ಮಾಡಿದ ಟೀಚರ್ ಕಣ್ರೀ! ಆ ದಿನವೆಲ್ಲ ಅತ್ತೆ ತಮ್ಮ ಮಾತಿಗೆ ತಾವೇ ಕಿವಿಗೊಟ್ಟು, ಎಷ್ಟೆಲ್ಲ ನುಂಗ್ತೀನಲ್ಲ ಅಂತ ಬೆರಗಾದರು. ಆದರೆ ಸ್ಪ್ಯಾನಿಷ್‌ನಲ್ಲಿ ಮಾತ್ರ ನುಂಗೋಕೆ ನಾಲಿಗೆ ಒಪ್ಪಲಿಲ್ಲ.

ಬೀಗಿತ್ತಿ ಬಂದರು. ಬಂದಮೇಲೆ ಗೊತ್ತಾಯ್ತು, ಅವರಿಗೆ ಕಿವಿ ಮಂದ. ಮಗಳ ಓಟದ ಮಾತು ಹಿಡೀತಿರಲಿಲ್ಲ. ಎರಡು ಸಲ ಏನು ಅಂತ ಕೇಳಿ, ಮೂರನೇ ಸಲ ಸುಮ್ಮನೆ ನಕ್ಕುಬಿಡೋರು. ನೋಡಿ ನನಗೆ ಸಂಕಟ ಆಯ್ತು. ಅತ್ತೆ ಅವರೆದುರಿಗೆ ಕುರ್ಚಿ ಎಳೆದುಕೊಂಡು, ಉಕ್ತಲೇಖನದ ಧಾಟಿಯಲ್ಲಿ ಕಾಫಿ ಬೇಕಾ ಅಂತ ವಿಚಾರಿಸಿದರು. ಬೀಗಿತ್ತಿ ಪೂರ್ತಿ ಕೇಳಿಸಿಕೊಂಡು, ಸಕ್ಕರೆ ಬೇಡ ಅಂದರು.

ಅಲ್ಲಿಂದ ಇಬ್ಬರೂ ದಿನಾ ಸಂಜೆ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನೋ ತೆರೆದ ಜಗಲಿಯ ಬೆಂಚಿನ ಮೇಲೆ. ಮಗಳು ಅಮ್ಮನಿಗೆ ಏನಾದರೂ ಹೇಳಬೇಕಾದರೂ ಅತ್ತೆಯನ್ನೇ ಕರೆಯೋಳು. ಸ್ಪ್ಯಾನಿಷ್‌ನಿಂದ ಸ್ಪ್ಯಾನಿಷ್‌ಗೆ ದುಭಾಷಿಯನ್ನ ಎಲ್ಲಾದರೂ ಕಂಡಿದ್ದೀರಾ?

ಹೊರಡೋ ದಿನ ಏರ್‌ಪೋರ್ಟಲ್ಲಿ ಅತ್ತೆ ಬೀಗಿತ್ತಿಯ ಕೈ ಹಿಡಿದು ಬಾಯಿ ತೆರೆದರು. ಅಳುವಿನ ನಡುವೆ 'ಮ್ಯಮೀಗಾ' ಅಂತಷ್ಟೇ ಬಂತು, ಸ್ವರ ಎಲ್ಲ ಕಲೆತು. ಬೀಗಿತ್ತಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆಯ ಕೆನ್ನೆ ಒರೆಸಿ, ಥೇಟ್ ನಮ್ಮ ಉಕ್ತಲೇಖನದ ಟೀಚರ್ ಹಾಗೆ ಬಿಡಿಸಿ ಬಿಡಿಸಿ ಹೇಳಿದರು:

"ಮಿ. ಅ. ಮೀ. ಗಾ."