ಮೂರು ಸಲ ಸತ್ತ ರಾಜ ಮತ್ತು ನನ್ನ ಕನ್ನಡ ಪೇಪರು

"ಇಕಿ ಹತ್ತನೇ ಇಯತ್ತೆ ದಾಟೂದು ಆಗದ ಮಾತು" ಎಂದು ನನ್ನ ಬಗ್ಗೆ ತೀರ್ಪು ಕೊಟ್ಟವರು ನಮ್ಮ ದೊಡ್ಡಪ್ಪ. ಅದನ್ನು ಸುಳ್ಳು ಮಾಡಿದವನು ನನ್ನ ಸೋದರಮಾವ, ನಾಲ್ಕನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು!

ಅಕ್ಕಿಆಲೂರು ಸುತ್ತಲಿನ ಹಳ್ಳಿಗಳಲ್ಲಿ ನಾಟಕವಾದರೆ ರಾಜನ ಪಾರ್ಟು ಮಾವನದೇ. ನಾಟಕ ಮುಗಿದರೂ ಅವನದು ಮುಗಿಯುತ್ತಿರಲಿಲ್ಲ. ಊಟಕ್ಕೆ ಕುಳಿತವನು ಥಟ್ಟನೆ ಗೋಡೆಯ ಕಡೆ ತಿರುಗಿ, "ಸಾರಿನ್ಯಾಗ ಉಪ್ಪಿಲ್ಲ. ಅಕ್ಕನ ಮುಂದ ಹೆಂಗ ಹೇಳ್ಲಿ?" ಎಂದು ಇಡೀ ಓಣಿಗೆ ಕೇಳುವಂತೆ ಹೇಳುತ್ತಿದ್ದ. ಅವ್ವ ಸೌಟು ಎತ್ತಿದರೆ, "ಇದು ಸ್ವಗತ ಅಕ್ಕ, ನಿನಗ ಕೇಳಸಬಾರ್ದು" ಎನ್ನುತ್ತಿದ್ದ. ಇಂಥವನ ಜೊತೆ ವಾದ ಮಾಡುವುದುಂಟೇ?

ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನು ಫೇಲಾದೆ. ಯಾವುದರಲ್ಲಿ ಗೊತ್ತೇ? ಕನ್ನಡದಲ್ಲಿ! ಪಾಠವಾಗಿ ಒಂದು ನಾಟಕವಿತ್ತು. ಕಳ್ಳತನದ ಆರೋಪ ಹೊತ್ತ ಮಗಳು ತುಂಬಿದ ಸಭೆಯಲ್ಲಿ "ಅಪ್ಪಾ, ನನ್ನನ್ನು ನಂಬುವೆಯಾ?" ಎಂದು ಕೇಳುತ್ತಾಳೆ. ರಾಜ ಸುಮ್ಮನಿರುತ್ತಾನೆ, ಎದೆಯೊಡೆದು ಸಾಯುತ್ತಾನೆ. ಯಾಕೆ ಸುಮ್ಮನಿದ್ದ? ಐದು ಅಂಕ. ಗೈಡಿನ ಉತ್ತರ ಬಾಯಿಪಾಠ ಮಾಡಿ ಅರ್ಧಕ್ಕೇ ಮರೆತಿದ್ದೆ. ಮುಖ್ಯ ಪರೀಕ್ಷೆಯಲ್ಲೂ ಹೀಗಾದರೆ ಓದು ಬಿಡಿಸುವುದೆಂದು ಮನೆಯಲ್ಲಿ ಮಾತಾಗಿತ್ತು.

"ನಾಟಕಾ ಓದ್ತಾರೇನು? ಹುಗ್ಗಿ ಅಂತ ಓದಿದ್ರ ಹೊಟ್ಟಿ ತುಂಬತೈತೇನು?" ಎಂದ ಮಾವ. ನನ್ನಿಂದ ಪಾಠ ಓದಿಸಿ ಕೇಳಿದ. ಮುಂದಿನ ವಾರ ಹೆಡ್‌ಮಾಸ್ತರರನ್ನು ಒಪ್ಪಿಸಿ, ಹಾರ್ಮೋನಿಯಂ ಸಮೇತ ಶಾಲೆಯಂಗಳಕ್ಕೆ ಬಂದಿಳಿದ. ಅವನು ರಾಜ, ನಾನು ಮಗಳು. ನೋಡಲು ಮಕ್ಕಳಿಗಿಂತ ಊರ ಮಂದಿಯೇ ಹೆಚ್ಚು.

ನಮ್ಮ ಕಡೆ ಒಂದು ಪದ್ಧತಿಯಿದೆ. ಸಾವು ಚೆನ್ನಾಗಿದ್ದರೆ ಮಂದಿ "ಒನ್ಸ್ ಮೋರ್" ಎನ್ನುತ್ತಾರೆ. ಸತ್ತವನು ಎದ್ದು ಮತ್ತೆ ಸಾಯಲೇಬೇಕು. ಮಾವ ಸತ್ತ. ಒನ್ಸ್ ಮೋರ್! ಎದ್ದು ಧೋತರ ಝಾಡಿಸಿಕೊಂಡು, ಸಭೆಯ ದೃಶ್ಯವನ್ನು ಮೊದಲಿಂದ ನಡೆಸಿ, ಮತ್ತೆ ಸತ್ತ. ಮತ್ತೆ ಕೂಗು! ಕನ್ನಡ ಮಾಸ್ತರರು ವೇದಿಕೆಗೇ ಓಡಿಬಂದರು.

"ಯಜಮಾನ್ರ, ಪುಸ್ತಕದಾಗ ರಾಜ ಒಂದಾ ಸಲ ಸಾಯ್ತಾನ್ರಿ. ಹುಡುಗ್ರು ಪೇಪರಿನ್ಯಾಗ ಮೂರು ಸಲ ಅಂತ ಬರದ್ರ ಏನ ಮಾಡ್ಲಿ?"

ಹೆಣ ಒಂದು ಕಣ್ಣು ತೆರೆಯಿತು. "ಪುಸ್ತಕಕ್ಕ ಒನ್ಸ್ ಮೋರ್ ಯಾರ ಅಂತಾರ್ರಿ ಸರ?"

ಮೂರನೆಯ ಸಲ ದೃಶ್ಯ ಶುರುವಾಗುವಷ್ಟರಲ್ಲಿ, ಬಿದ್ದೂ ಎದ್ದೂ ಮಾವ ನಿಜಕ್ಕೂ ದಣಿದಿದ್ದ. ನಾನು ಕೇಳಿದೆ: "ಅಪ್ಪಾ, ನನ್ನನ್ನು ನಂಬುವೆಯಾ?" ಅವನು ಕುಳಿತ ಮಂದಿಯನ್ನು ಒಬ್ಬೊಬ್ಬರಾಗಿ ನೋಡಿದ. ಕೈ ನನ್ನ ತಲೆ ಸವರಲು ಬಂದು, ಅರ್ಧಕ್ಕೆ ನಿಂತು, ಹಿಂದೆ ಸರಿದು ಕತ್ತಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಆಗ ತಿಳಿಯಿತು. ನಂಬುತ್ತೇನೆಂದರೆ ಅವನು ಅಪ್ಪ, ಸುಮ್ಮನಿದ್ದರೆ ರಾಜ. ಆ ಸಭೆಯಲ್ಲಿ ಎರಡೂ ಆಗಲಾರ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಗೈಡು ನೆನಪಾಗಲಿಲ್ಲ, ಆ ಕೈ ನೆನಪಾಯಿತು. ಎರಡು ಪುಟ ಬರೆದೆ. ಗೆಳತಿಯೊಬ್ಬಳು ಮಾತ್ರ "ಮೂರನೆಯ ಸಾವೇ ಉತ್ತಮ" ಎಂದು ಬರೆದು ಬಂದಳಂತೆ!

ಪಾಸಾದೆ. ಹಾನಗಲ್ಲಿನ ಬಸ್ಸಿನಲ್ಲಿ ನಿಂತೇ ಕಾಲೇಜು ಮುಗಿಸಿದೆ. ನಮ್ಮ ಮನೆತನಕ್ಕೆ ಪದವಿ ಎಂಬುದು ಬಂದದ್ದು ಇದೇ ಮೊದಲು. ಸಮಾರಂಭದಲ್ಲಿ ಪ್ರಮಾಣಪತ್ರ ಇಸಕೊಂಡು ಬಂದು ಮೊದಲು ಮಾವನ ಕೈಗೆ ಕೊಟ್ಟೆ. ಅವನು ಅದರ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿ ನೋಡಿದ.

"ಮೂವತ್ತ ವರ್ಷ ರಾಜ ಆಗೇನವ್ವ. ಬೆಳಕ ಹರದ್ರ ಬಣ್ಣ ತೊಳಕೊಂಡು ಕೂಲಿಗೆ ಹೋಗೂದು. ಇದು ನೀರಿಗೆ ಹೋಗೂ ಬಣ್ಣ ಅಲ್ಲ, ಹೌದಿಲ್ಲ?"