ಅಕ್ಕನ ಕಣ್ಣು, ಇಂಜಿನ್ನಿನ ಕಟಕಟ

ನನಗೆ ಕಾರಿನ ಬಗ್ಗೆ ಏನೇನೂ ಗೊತ್ತಿಲ್ಲ. ಹತ್ತು ವರ್ಷಗಳಿಂದ ಹಳೆಯ ಡೀಸೆಲ್ ಕಾರೊಂದನ್ನು ಓಡಿಸುತ್ತಾ ಈ ಸಂಗತಿಯನ್ನು ಮುಚ್ಚಿಟ್ಟುಕೊಂಡು ಬಂದಿದ್ದೇನೆ. ಎಲ್ಲಾದರೂ ಅದು ತಕರಾರು ಮಾಡಿದರೆ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಗಂಭೀರವಾಗಿ ಒಳಗೆ ನೋಡಿ, ‘ಪಿಸ್ಟನ್ ಇರಬೇಕು’ ಎನ್ನುತ್ತೇನೆ. ಇಂಜಿನ್ನಿನ ಒಳಗಿರುವವುಗಳಲ್ಲಿ ನನಗೆ ಹೆಸರು ಗೊತ್ತಿರುವುದು ಅದೊಂದೇ. ನಾನು ಸೇಲಂನಲ್ಲಿ ಕೈಮಗ್ಗದ ಸೀರೆಗಳಿಗೆ ಅಂಚಿನ ನಕ್ಷೆ ಬರೆಯುವವನು. ಮಾವಿನಕಾಯಿ ಬುಟ್ಟಾದ ತುದಿ ಎತ್ತ ಬಾಗಬೇಕು ಎಂದರೆ ಹೇಳಬಲ್ಲೆ, ಚಕ್ರ ಏಕೆ ತಿರುಗುತ್ತದೆ ಎಂದರೆ ಹೇಳಲಾರೆ.

ಮಾರಂಡಹಳ್ಳಿಗೆ ಮದುವೆಯಾಗಿ ಹೋದ ನನ್ನ ಅಕ್ಕ ರುಕ್ಮಿಣಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೇಲಂನ ಡಾಕ್ಟರು ದಿನ ಗೊತ್ತುಮಾಡಿದರೆ ಒಮ್ಮೆ ಅಮಾವಾಸ್ಯೆ ಎಂದಳು, ಇನ್ನೊಮ್ಮೆ ಹೊರಡುವಾಗ ಬೆಕ್ಕು ಅಡ್ಡ ಬಂತು ಎಂದಳು. ಬೆಕ್ಕು ಅವಳದೇ, ದಿನಕ್ಕೆ ಇಪ್ಪತ್ತು ಸಲ ಅಡ್ಡ ಬರುತ್ತಿತ್ತು. ಅಷ್ಟರಲ್ಲಿ ಒಲೆಯ ಮೇಲಿನ ಪಾತ್ರೆ ಎಲ್ಲಿದೆಯೆಂದು ಕಾಣದೆ ಅಂಗೈ ಸುಟ್ಟುಕೊಂಡಳು. ಮೂರನೆಯ ಸಲ ನಾನೇ ಕಾರು ತೆಗೆದುಕೊಂಡು ಹೋದೆ. ಹನ್ನೊಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿರಬೇಕು. ಈ ಸಲ ತಪ್ಪಿದರೆ ಅಕ್ಕ ಮತ್ತೆ ಹೊರಡುವವಳಲ್ಲ ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದ್ದರು.

ಪಾಲಕೋಡ್ ಮಾರ್ಕೆಟ್ಟಿನ ಹತ್ತಿರ ಟೊಮೇಟೊ ಲಾರಿಗಳ ಹಿಂದೆ ನಿಂತಾಗ ಇಂಜಿನ್ ಕಟಕಟ ಎನ್ನತೊಡಗಿತು. ನಾನು ರೇಡಿಯೊ ಜೋರು ಮಾಡಿದೆ.

“ಅದುನ್ ನಿಲ್ಸ್ಲಾ,” ಎಂದಳು ಅಕ್ಕ. “ಏನದು ಸದ್ದು?”

“ಡೀಸೆಲ್ ವಂಡಿ ಅಕ್ಕಾ, ಅಂಗೇ ಇರ್ತದೆ.”

“ನಂಗೆ ಕಣ್ ತಾನೆ ಓಗಿರೋದು? ಅಪ್ಪನ ಮಗ್ಗದ ಪಕ್ಕ ಬೆಳ್ದೋಳು ನಾನು. ಏನೋ ಸಡ್ಲ ಆಗೈತೆ. ನಡಿ, ಮನೇಗ್ ಓಗಾನ. ಇನ್ನೊಂದ್ ನಾಳ್ ನೋಡ್ಕಂಡ್ರಾಯ್ತು.”

ಅವಳ ದನಿಯಲ್ಲಿದ್ದ ಸಂತೋಷವನ್ನು ಕೇಳಿ ನನಗೆ ಗಾಬರಿಯಾಯಿತು. ಬೆಕ್ಕಿಗಿಂತ ಗಟ್ಟಿಯಾದ ನೆಪ ಅವಳ ಕೈಗೆ ಸಿಕ್ಕಿಬಿಟ್ಟಿತ್ತು. ರಸ್ತೆ ಬದಿಯಲ್ಲಿ ಕಂಡ ಮೊದಲ ಮೆಕ್ಯಾನಿಕ್ ಶೆಡ್ಡಿಗೆ ಕಾರು ತಿರುಗಿಸಿದೆ.

ಶೆಡ್ಡಿನಲ್ಲಿ ಎಪ್ಪತ್ತರ ಆಸುಪಾಸಿನ, ಮಾದಪ್ಪ ಎಂಬ ಮೆಕ್ಯಾನಿಕ್ ಒಬ್ಬರೇ ಇದ್ದರು. “ಪಿಸ್ಟನ್ ಇರಬೇಕು,” ಎಂದೆ. “ಟಿಫನ್ ಆಯ್ತು ಸಾರ್,” ಎಂದರು. ಅವರಿಗೆ ಕಿವಿ ಬಹಳ ಮಂದ. ಸದ್ದಿನ ರೋಗಕ್ಕೆ ಕಿವುಡು ವೈದ್ಯ! ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆದರೆ ಅವಳಿಗೆ ಸುಮ್ಮನಿರಲಾಗಲಿಲ್ಲ, ಕೆಳಗಿಳಿದು ಅವರ ಕಿವಿಯ ಬಳಿ ಕೂಗಿದಳು: “ಅಣ್ಣಾ! ನಿಂತಾಗ ಜಾಸ್ತಿ, ಓಡ್ವಾಗ ಕಮ್ಮಿ! ಬಲ್ಗಡೆ ಮೂಲೇಲಿ ಬರ್ತೈತೆ!”

ಮಾದಪ್ಪ ಇಂಜಿನ್ ಓಡುತ್ತಿರಲಿ ಎಂದು ನನಗೆ ಸನ್ನೆ ಮಾಡಿ, ಮೊಳದುದ್ದದ ಸ್ಕ್ರೂಡ್ರೈವರ್ ತಂದರು. ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತುದಿಯನ್ನು ಇಂಜಿನ್ನಿಗೆ ಒತ್ತಿ, ಸದ್ದನ್ನು ಹಲ್ಲಿನಿಂದಲೇ ಕೇಳುವವರಂತೆ ಕಣ್ಣು ಮುಚ್ಚಿದರು. ತಲೆಯಾಡಿಸಿದರು. ಇನ್ನೊಂದು ಕಡೆ ಒತ್ತಿದರು, ಅಲ್ಲೂ ಇಲ್ಲ. ಬಲಮೂಲೆಯ ಗುಂಡನೆಯ ಭಾಗವೊಂದಕ್ಕೆ ಒತ್ತಿದಾಗ ಕಣ್ಣು ಬಿಟ್ಟರು.

“ಇಂಜಿನ್ ನಲ್ಲಾ ಐತೆ ಸಾರ್, ಅದ್ಕೇನೂ ಆಗಿಲ್ಲ. ಡೈನಮೋ ಹಿಡ್ಕಂಡಿರೋ ಎರಡ್ ಬೋಲ್ಟಲ್ಲಿ ಒಂದ್ ಬಿದ್ದೋಗೈತೆ, ಇನ್ನೊಂದ್ ಆಡ್ತಾ ಐತೆ.”

ಇಂಜಿನ್ ಆರಿಸಿ, ಹಳೆಯ ಡಬ್ಬದಲ್ಲಿ ಹುಡುಕಿ ಒಂದು ಬೋಲ್ಟ್ ಹಾಕಿ, ಇನ್ನೊಂದನ್ನು ಬಿಗಿದರು. ಮತ್ತೆ ಸ್ಟಾರ್ಟ್ ಮಾಡಿದಾಗ ಕಟಕಟ ಮಾಯವಾಗಿತ್ತು.

ಅಕ್ಕ ಮಾತ್ರ ಕಾರು ಹತ್ತಲಿಲ್ಲ. “ಅಣ್ಣಾ, ಕಣ್ ಆಪರೇಷನ್ಗ್ ಓಗ್ತಿವ್ನಿ,” ಎಂದು ಕೂಗಿದಳು. “ಬಯ ಆಗ್ತೈತೆ.”

ನಮ್ಮಲ್ಲಿ ಯಾರಿಗೂ ಅವಳು ಈ ಮಾತನ್ನು ಹೇಳಿರಲಿಲ್ಲ. ಅಮಾವಾಸ್ಯೆ, ಬೆಕ್ಕು ಎಂದಿದ್ದಳು. ನಾವೂ ಕೇಳಿರಲಿಲ್ಲ.

ಮಾದಪ್ಪನವರಿಗೆ ಅದು ಒಂದೇ ಸಲಕ್ಕೆ ಕೇಳಿಸಿತು. “ನಂಗೂ ಆಗಿತ್ತು ತಾಯಿ. ಎರಡ್ ಕಣ್ಗೂ ಮಾಡ್ಸಿವ್ನಿ. ಇಲ್ದಿದ್ರೆ ಈ ಬೋಲ್ಟ್ ಎಲ್ಲಿ ಕಾಣ್ತಿತ್ತು?” ಎಂದರು. ಅಕ್ಕ ತಾನೇ ಬಾಗಿಲು ತಡವಿ ತೆರೆದು ಕೂತಳು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆ ಸೇರಿದೆವು.

ಮೊದಲು ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಯಿತು, ಮರುದಿನ ಅದರ ಕಟ್ಟು ಬಿಚ್ಚಿದರು. ಅಕ್ಕ ಗೋಡೆ ನೋಡಿದಳು, ನರ್ಸನ್ನು ನೋಡಿದಳು, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಭಾವುಕನಾಗಿ ಹತ್ತಿರ ಬಾಗಿದೆ.

“ಲೇ, ಮೀಸೆಗ್ ಕರೀ ಬಣ್ಣ ಬಳ್ಕಂಡಿದ್ದೀಯೇನ್ಲಾ?” ಎಂದಳು, ವಾರ್ಡಿಗೆಲ್ಲ ಕೇಳುವಂತೆ.

ಅದು ಆರಂಭ ಮಾತ್ರ. ಮನೆಗೆ ಹೊರಟಾಗ ನನ್ನ ಅಂಗಿಯ ಕಾಲರಿನ ಕೊಳೆ, ಸೀಟಿನ ಹರಕು, ನೆತ್ತಿಯ ಮೇಲೆ ಕೂದಲಿಲ್ಲದ ಜಾಗ, ಎಲ್ಲವನ್ನೂ ಒಂದೊಂದಾಗಿ ಕಂಡುಹಿಡಿದು ಘೋಷಿಸುತ್ತಾ ಬಂದಳು. ಧರ್ಮಪುರಿ ದಾಟಿದರೂ ಮುಗಿಯಲಿಲ್ಲ. ಮಾತು ಬದಲಾಯಿಸಲು ಒಂದೇ ಒಂದು ಸಲವಾದರೂ ಕಟಕಟ ಎನ್ನು ಎಂದು ನಾನು ಇಂಜಿನ್ನನ್ನು ಒಳಗೊಳಗೇ ಬೇಡಿಕೊಂಡೆ. ಅದು ಮಾರಂಡಹಳ್ಳಿಯವರೆಗೂ ಒಂದೂ ತಕರಾರಿಲ್ಲದೆ ಓಡಿತು.