ಐದು ಮೋಟಾರು, ಒಂದು ಪಾಸ್‌ವರ್ಡ್

ಶಾಂತಪ್ಪನವರಿಗೆ ಪಾಸ್‌ವರ್ಡ್ ಕೊಟ್ಟದ್ದೇ ರಾಜರತ್ನ ಮಾಡಿದ ತಪ್ಪು.

ಅಥಣಿ ರಸ್ತೆಯ ಹೊಸ ಬಡಾವಣೆ, ಕೊನೆಯ ಓಣಿ, ಐದು ಮನೆ. ನಲ್ಲಿಗೆ ನೀರು ಎಂಟು ದಿನಕ್ಕೊಮ್ಮೆ, ಅದೂ ಒಂದೂವರೆ ತಾಸು. ಯಾವ ಹೊತ್ತಿಗೆ ಎಂಬುದು ಬಿಡುವವನಿಗೂ ಗೊತ್ತಿರುವುದಿಲ್ಲ. ಟಿಕೋಟಾದ ಶಾಲೆಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ ರಾಜರತ್ನ, ಮನೆಯ ಕಪಾಟಿನಲ್ಲಿ ಮೂರು ಹಳೆಯ ಕಂಪ್ಯೂಟರ್ ಜೋಡಿಸಿ, ನೀರು ಬಂದೊಡನೆ ತನ್ನ ಮೋಟಾರು ತಾನೇ ಶುರುವಾಗುವಂತೆ ಮಾಡಿಕೊಂಡಿದ್ದ. ಓಣಿ ಸುಮ್ಮನಿರುತ್ತದೆಯೇ? ನಮಗೂ ಬೇಕೆಂದು ಗಂಟುಬಿದ್ದಿತು. ಒಬ್ಬರದು ಕೆಟ್ಟರೆ ಇನ್ನೊಬ್ಬರಿಗೆ ತೊಂದರೆಯಾಗದಿರಲೆಂದು ಮನೆಗೊಂದರಂತೆ ಐದು ಬೇರೆ ಬೇರೆ ಪ್ರೋಗ್ರಾಮು, ಕಂಪ್ಯೂಟರಿನವರ ಮಾತಿನಲ್ಲಿ ಕಂಟೇನರ್, ಮಾಡಿದ. ಓಣಿಯವರು ಅವನ್ನು ಡಬ್ಬಿ ಎಂದರು. ಐದೂ ಡಬ್ಬಿ ಮೊಬೈಲಿನ ಒಂದೇ ಪುಟದಲ್ಲಿ ಕಾಣುತ್ತಿದ್ದವು. ಓಡುವುದು ಹಸಿರು, ನಿಂತದ್ದು ಕೆಂಪು. ಮೋಟಾರಿಗೆ ಗೋಡೆಯ ಸ್ವಿಚ್ಚು ಇನ್ನೇಕೆಂದು ಎಲ್ಲರ ಮನೆಯದನ್ನೂ ಅವನೇ ಕೀಳಿಸಿದ್ದ.

“ನೀವು ಊರಾಗ ಇಲ್ಲದಾಗ ಬೇಕಾಕ್ಕೈತಿ,” ಎಂದು ನಿವೃತ್ತ ಗುಮಾಸ್ತ ಶಾಂತಪ್ಪ ಪಾಸ್‌ವರ್ಡ್ ಇಸಿದುಕೊಂಡರು.

ಅಂದು ನೀರಿನ ದಿನ. ಮರುದಿನ ರಾಜರತ್ನನ ಕೂಸಿಗೆ ಹೆಸರಿಡುವ ಕಾರ್ಯ. ಬಬಲೇಶ್ವರದಿಂದ ಹೆಂಡತಿಯ ಕಡೆಯವರು ನಲವತ್ತು ಮಂದಿ ಬರುವವರಿದ್ದರು. ಟಾಕಿಯಲ್ಲಿ ಹನಿ ನೀರಿರಲಿಲ್ಲ.

“ಇವತ್ತ ಟಾಕಿ ತುಂಬಲಿಲ್ಲಂದ್ರ ಕೂಸಿನ್ನ ತಗೊಂಡು ಬಬಲೇಶ್ವರಕ್ಕ ಹೋಗಿ ಅಲ್ಲೇ ಹೆಸರಿಡ್ತೀನಿ,” ಎಂದಿದ್ದಳು ಆಮ್ರಪಾಲಿ. “ನೀವು ಆ ಕಂಪ್ಯೂಟರಿಗೆ ಹೆಸರಿಟ್ಕೋತ ಕೂಡ್ರಿ.”

ಹನ್ನೊಂದಕ್ಕೆ ನೀರು ಬಂತು. ಟಿಕೋಟಾದಲ್ಲಿ ಅಂಕಪಟ್ಟಿ ತುಂಬುತ್ತಿದ್ದ ರಾಜರತ್ನ ಮೊಬೈಲು ನೋಡಿದ. ಐದೂ ಹಸಿರು. ಚಹಾ ತರಿಸಿದ. ಚಹಾ ಬರುವಷ್ಟರಲ್ಲಿ ಅವನದು ಕೆಂಪು! ಹಸಿರು ಮಾಡಿದ. ಮತ್ತೆ ಕೆಂಪು. ಲಗ್ನದ ಮನೆಯ ಲೈಟಿನ ಸರದಂತೆ ಐದೂ ಮಿಣುಕತೊಡಗಿದವು.

ಶಾಂತಪ್ಪನವರಿಗೆ ಫೋನು ಹಚ್ಚಿದ. “ಯಾರ್ರಿ ನನ್ನ ಮೋಟಾರ್ ಬಂದ್ ಮಾಡಾಕತ್ತಾರ?”

“ನಾ ಅಲ್ರಿ. ನಾ ಹಸನಸಾಬಂದಷ್ಟ ಬಂದ್ ಮಾಡೀನಿ. ಎಲ್ಲಾ ಕೂಡಿ ಎಳದ್ರ ನಮಗ ಬರೂದು ಬರೇ ಗಾಳಿ.”

“ಪಾಸ್‌ವರ್ಡ್ ಯಾರ್ಯಾರಿಗೆ ಕೊಟ್ಟೀರಿ?”

“ಕೇಳಿದವ್ರಿಗಷ್ಟ. ಬಾಜೂದವ್ರಿಗೆ ಇಲ್ಲ ಅನ್ನಾಕ ಬರತೈತೇನ್ರಿ?”

ಎಲ್ಲರೂ ಕೇಳಿದ್ದರು. ಬೆನ್ನಿಗೇ ಮೂಲೆ ಮನೆಯ ಹಸನಸಾಬರ ಫೋನು: “ಶಾಂತಪ್ಪ ನಂದು ಬಂದ್ ಮಾಡ್ಯಾನ. ಅದಕ್ಕ ನಾ ಎಲ್ಲಾರ್ದೂ ಬಂದ್ ಮಾಡೀನಿ. ನ್ಯಾಯ ಅಂದ್ರ ನ್ಯಾಯ!” ಆಮೇಲೆ ಎದುರು ಮನೆಯ ಮುನಾಫ: “ಅಣ್ಣಾ, ನಮಗ ಇನ್ನೊಂದು ಡಬ್ಬಿ ಹಾಕಿ ಕೊಡ್ರಿ, ಒಂದಕ್ಕ ಇವ್ರು ಬಿಡವಲ್ರು.” ಕಡೆಗೆ ಪಕ್ಕದ ಮನೆಯ ಮುದುಕಿ ಮಲಕವ್ವ: “ನಿನ್ನ ಡಬ್ಬಿಗೆ ಬೆಂಕಿ ಹತ್ತಲೋ!”

ರಾಜರತ್ನನ ತಲೆ ಕಾದು ಕೆಂಡವಾಯಿತು. ಎಷ್ಟೋ ಭಾನುವಾರ ಹಾಳು ಮಾಡಿಕೊಂಡು ಪುಕ್ಕಟೆ ಮಾಡಿಕೊಟ್ಟದ್ದಕ್ಕೆ ಇದು ಉಪಕಾರಸ್ಮರಣೆ! ಇವರೇನು ನೆರೆಯವರೇ? ಹಾಳಾಗಿ ಹೋಗಲಿ. ಪಾಸ್‌ವರ್ಡ್ ಬದಲಿಸಿದ. ಹಲ್ಲು ಕಡಿಯುತ್ತ ನಾಲ್ಕು ಮನೆಯ ಡಬ್ಬಿಗಳನ್ನೂ ಒಂದೊಂದಾಗಿ ನಿಲ್ಲಿಸಿ, ತನ್ನದೊಂದನ್ನೇ ಹಚ್ಚಿದ. ಮುಕ್ಕಾಲು ತಾಸು ಹಸಿರು ಅಲುಗಲಿಲ್ಲ. ಅಷ್ಟರಲ್ಲಿ ನಲವತ್ತೊಂದು ಫೋನು ಬಂದವು. ಯಾರದೆಂದೂ ನೋಡದೆ ಮೊಬೈಲನ್ನು ಡ್ರಾಯರಿಗೆ ಎಸೆದ.

ಸಂಜೆ ಮನೆಯ ಮುಂದೆ ಶಾಂತಪ್ಪ, ಹಸನಸಾಬ, ಮುನಾಫ ಮೂವರೂ ಖಾಲಿ ಕೊಡ ಹಿಡಿದು ನಿಂತಿದ್ದರು.

“ನಾಚಿಕಿ ಬರಬೇಕ್ರಿ ನಿಮಗ,” ಎಂದರು ಶಾಂತಪ್ಪ.

“ಬರೂದಿಲ್ರಿ! ನನ್ನ ಟಾಕಿ ತುಂಬೇತಿ. ನಿಮಗ ಬೇಕಾದ್ದ ಮಾಡ್ಕೋರಿ!” ಎಂದು ಗುಡುಗಿ ಒಳಹೊಕ್ಕು ನಲ್ಲಿ ತಿರುವಿದ. ಬುಸ್ ಎಂದು ಗಾಳಿ ಬಂತು.

“ಏನಿದು? ಮೋಟಾರ್ ಮುಕ್ಕಾಲು ತಾಸು ಓಡೇತಲ್ಲಾ!”

“ಓಡೇತಿ. ಮಲಕವ್ವನ ಮನ್ಯಾಗ,” ಎಂದಳು ಆಮ್ರಪಾಲಿ, ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತ. “ನಿಮ್ಮ ಚಾಲೂ-ಬಂದ್ ಆಟದಾಗ ಆಕಿ ಮೋಟಾರ್ ಸುಟ್ಟತು. ನಮ್ಮದು ಹೆಂಗೂ ಸುಮ್ನ ಬಿದ್ದಿತ್ತು, ಹತ್ತು ನಿಮಿಷಕ್ಕಂತ ಕೇಳಿದ್ಲು, ವೈರು, ನಿಮ್ಮ ಆ ಮೊಬೈಲ್ ಸ್ವಿಚ್ಚು ಸಮೇತ ಕೊಟ್ಟೆ. ಚಾಲೂ ಇದ್ದಾಗ ಮುಟ್ಟಬ್ಯಾಡ ಅಂದವ್ರು ನೀವ. ಬಂದ್ ಮಾಡ್ರಿ ಅಂತ ಹನ್ನೆರಡು ಸಲ ಫೋನ್ ಹಚ್ಚೀನಿ.”

ಕಂಪೌಂಡಿನಾಚೆ ಮಲಕವ್ವನ ತಲೆ ಕಂಡಿತು. “ತಮ್ಮಾ! ಟಾಕಿ, ಪೀಪಾಯಿ, ಬಕೀಟು ಎಲ್ಲಾ ತುಂಬಿ, ಉಳದದ್ದು ರಸ್ತೆಗೆ ಹರೀತು ನೋಡು. ಮುಂದಿನ ಸಲಾನೂ ಹಿಂಗ ಬರೇ ನಂದೊಂದ ಚಾಲೂ ಇಡಪಾ!”

ಓಣಿಗೆಲ್ಲ ಕೇಳುವಂತೆ ಹೇಳಿದಳು ಪುಣ್ಯಾತ್ಗಿತ್ತಿ.

ಆಮ್ರಪಾಲಿ ಕೂಸನ್ನೆತ್ತಿಕೊಂಡು ಹೊರಟಳು. ಬಾಗಿಲಲ್ಲಿ ನಿಂತಿದ್ದ ಮೂವರೂ ಸರಿದು ಅವಳಿಗೆ ದಾರಿ ಬಿಟ್ಟರು. ಹಿಂದೆಯೇ ಓಡಿಬಂದ ರಾಜರತ್ನನಿಗೆ ಬಿಡಲಿಲ್ಲ.